ಅಮೆರಿಕದ ವನ್ಯಜೀವಿ ಆಶ್ರಯಧಾಮಗಳು: ಒಂದು ರಾಷ್ಟ್ರೀಯ ವ್ಯವಸ್ಥೆಯ ಹುಟ್ಟು ಮತ್ತು ಬೆಳೆವಣಿಗೆ

ಸಂಸ್ಥೆಯೊಂದು ಮೊದಲು ಹುಟ್ಟಿ, ಅದರ ಹೆಸರು ಬಹುಕಾಲದ ಮೇಲೆ ಹುಟ್ಟಿದ ನಿದರ್ಶನಗಳು ಇತಿಹಾಸದಲ್ಲಿ ವಿರಳವಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಇಂದು ನ್ಯಾಷನಲ್ ವೈಲ್ಡ್‌ಲೈಫ್ ರೆಫ್ಯೂಜ್ ಸಿಸ್ಟಮ್ ಎಂದು ಕರೆಯಲ್ಪಡುವ ವನ್ಯಜೀವಿ ಆಶ್ರಯಧಾಮಗಳ ವ್ಯವಸ್ಥೆಯು ಅಂತಹವುಗಳಲ್ಲೊಂದು. ಅದರ ಮೊದಲ ಆಶ್ರಯಧಾಮವು 1903ರಲ್ಲಿ ಏರ್ಪಟ್ಟಿತು. ಇವೆಲ್ಲವನ್ನೂ ಒಂದು ವ್ಯವಸ್ಥೆಯೆಂದು ಗಣಿಸಿ ಶಾಸನವೊಂದು ಹೆಸರಿಟ್ಟುದು 1966ರಲ್ಲಿ. ನಡುವಣ ಅರುವತ್ತಮೂರು ವರ್ಷಗಳಲ್ಲಿ ದ್ವೀಪಗಳು, ಜೌಗುಗಳು, ಹುಲ್ಲುಗಾವಲುಗಳು, ಮರುಭೂಮಿಯ ತುಣುಕುಗಳು ಒಂದರ ಹಿಂದೊಂದು, ಒಂದೊಂದು ಒಂದೊಂದು ಕಾರಣಕ್ಕೆ, ಬೇರೆ ಬೇರೆ ಅಧಿಕಾರದ ಬಲದಿಂದ ಸೇರಿಕೊಳ್ಳುತ್ತ ಹೋದುವು. ಈಗ ಅವುಗಳ ಸಂಖ್ಯೆ 570ಕ್ಕೂ ಮಿಕ್ಕಿದೆ. ಶಾಂತ ಮಹಾಸಾಗರದಲ್ಲಿ ಸೇರಿರುವ ವಿಶಾಲವಾದ ಜಲಪ್ರದೇಶವನ್ನು ಬಿಟ್ಟು ನೆಲವನ್ನು ಮಾತ್ರ ಲೆಕ್ಕಹಾಕಿದರೂ ವಿಸ್ತೀರ್ಣ ಸುಮಾರು 9.5 ಕೋಟಿ ಎಕರೆಗಳಾಗುತ್ತದೆ. ಎಂದರೆ ನಮ್ಮ ಕರ್ನಾಟಕ ರಾಜ್ಯದ ಎರಡರಷ್ಟು.

ಆಶ್ರಯಧಾಮವೆಂದರೆ ರಾಷ್ಟ್ರೀಯ ಉದ್ಯಾನವಲ್ಲ. ಈ ಭೇದವನ್ನು ಮೊದಲೇ ಗಮನಿಸಬೇಕು. 1872ರಲ್ಲಿ ಏರ್ಪಟ್ಟ ಯೆಲ್ಲೋಸ್ಟೋನ್ ಮೊದಲಾದ ಉದ್ಯಾನಗಳ ಉದ್ದೇಶ ಅದ್ಭುತವಾದ ಪ್ರಕೃತಿದೃಶ್ಯಗಳನ್ನು ಜನರ ಸಂತೋಷಕ್ಕಾಗಿ ಕೆಡದಂತೆ ಉಳಿಸುವುದು. ಆಶ್ರಯಧಾಮದಲ್ಲಿ ಮೊದಲ ಹಕ್ಕು ಮೃಗಪಕ್ಷಿಗಳದು. ಮನುಷ್ಯನು ಅಲ್ಲಿಗೆ ಬರುವ ಅತಿಥಿ. ಹೀಗಿದ್ದರೂ ಈ ಧಾಮಗಳಲ್ಲಿ ಅನೇಕವು ಋತುಮಾನಕ್ಕೆ ತಕ್ಕ ನಿರ್ಬಂಧಗಳೊಡನೆ ಬೇಟೆಗೆ ತೆರೆದಿವೆಯೆಂಬುದನ್ನು ಕೇಳಿದಾಗ ನಮ್ಮ ವಾಚಕರಿಗೆ ಆಶ್ಚರ್ಯವಾಗದಿರದು. ಈ ವಿಚಿತ್ರದ ಕಾರಣ ಮುಂದೆ ತಿಳಿಯುವುದು.

ಸರ್ಕಾರವೊಂದು ಭೂಪಟದ ಮೇಲೆ ಗೆರೆಯೆಳೆದು, ಇದರೊಳಗಿನ ನೆಲ ಪ್ರಾಣಿಗಳದು ಎಂದು ಸಾರಿದ ಮಾತ್ರಕ್ಕೆ ಆ ಮಾತು ನಿಜವಾಗುವುದೆ? ಪ್ರಕೃತ ಲೇಖನದ ಪ್ರಶ್ನೆ ಇದು. ನೆಲದ ಜೊತೆಗೆ ಕಾವಲು ಬೇಕು, ಹಣ ಬೇಕು, ನೀರು ಬೇಕು, ಉದ್ದೇಶವನ್ನು ಸ್ಪಷ್ಟಪಡಿಸುವ ಶಾಸನ ಬೇಕು. ಅಮೆರಿಕದಲ್ಲಿ ಇವು ಒಟ್ಟಿಗೆ ಬರಲಿಲ್ಲ. ಯಾವುದು ಯಾವಾಗ ಬಂದಿತು, ಬಾರದಿದ್ದಾಗ ಏನಾಯಿತು ಎಂಬುದೇ ಈ ವ್ಯವಸ್ಥೆಯ ಇತಿಹಾಸದ ಸಾರ.

ಕಥೆ ಆರಂಭವಾಗುವುದು ಹೆಂಗಸರ ಟೋಪಿಗಳಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಯೂರೋಪು ಅಮೆರಿಕಗಳ ಸಿರಿವಂತ ಮಹಿಳೆಯರು ಪಕ್ಷಿಗಳ ಗರಿಗಳಿಂದ, ಕೆಲವು ವೇಳೆ ಇಡೀ ಪಕ್ಷಿಗಳಿಂದಲೇ ಅಲಂಕರಿಸಿದ ಟೋಪಿಗಳನ್ನು ಧರಿಸುತ್ತಿದ್ದರು. ಫ್ರಾಂಕ್ ಚಾಪ್‌ಮನ್ ಎಂಬ ಪಕ್ಷಿಶಾಸ್ತ್ರಜ್ಞನು 1886ರಲ್ಲಿ ನ್ಯೂಯಾರ್ಕ್ ನಗರದ ಬೀದಿಗಳಲ್ಲಿ ಅಡ್ಡಾಡಿ ತಾನು ಕಂಡ ಟೋಪಿಗಳನ್ನು ಎಣಿಸಿದನು. 700 ಟೋಪಿಗಳಲ್ಲಿ 542ರ ಮೇಲೆ ಗರಿಗಳಿದ್ದುವು. ಸಂಶೋಧನೆಗೆ ಬೆಲೆಬಾಳುವ ಉಪಕರಣಗಳು ಬೇಕೇಬೇಕೆಂದು ನಂಬಿದ ವಿದ್ಯಾರ್ಥಿಗಳು ಈ ಎಣಿಕೆಯನ್ನು ನೆನಪಿನಲ್ಲಿಡಬಹುದು. ಬೆಳ್ಳಕ್ಕಿಗಳ ಅತ್ಯಂತ ಸೊಗಸಾದ ಗರಿಗಳು ಮೂಡುವುದು ಮರಿಮಾಡುವ ಕಾಲದಲ್ಲಿ. ಬೇಟೆಗಾರನು ಬರುತ್ತಿದ್ದುದೂ ಆಗಲೇ. ತಾಯಿತಂದೆಗಳನ್ನು ಕೊಂದು ಗರಿಗಳನ್ನು ಕಿತ್ತುಕೊಂಡ ಮೇಲೆ ಗೂಡಿನಲ್ಲಿದ್ದ ಮರಿಗಳು ಹಸಿದು ಸಾಯುತ್ತಿದ್ದುವು. ಆ ಗರಿಗಳಿಗೆ ತೂಕಕ್ಕೆ ತೂಕ ಚಿನ್ನಕ್ಕಿಂತ ಹೆಚ್ಚು ಬೆಲೆಯಿದ್ದಾಗ ಫ್ಲಾರಿಡಾದ ಜೌಗುಗಳು ಬರಿದಾದುದರಲ್ಲಿ ಅಚ್ಚರಿಯೇನಿಲ್ಲ.

ಫ್ಲಾರಿಡಾದ ಪೂರ್ವತೀರದ ಇಂಡಿಯನ್ ರಿವರ್ ಎಂಬ ಹಿನ್ನೀರಿನಲ್ಲಿ ಐದೂವರೆ ಎಕರೆಯಷ್ಟು ಸಣ್ಣದೊಂದು ದ್ವೀಪ. ಕಂದುಬಣ್ಣದ ಹೆಜ್ಜಾರ್ಲೆಗಳು ಆ ತೀರದಲ್ಲಿ ಗೂಡುಕಟ್ಟುವ ಸ್ಥಳವಾಗಿ ಉಳಿದಿದ್ದುದು ಅದೊಂದೇ. ಅದನ್ನು ಪೆಲಿಕನ್ ಐಲೆಂಡ್ ಎಂದೇ ಕರೆಯುತ್ತಿದ್ದರು. ಅಲ್ಲಿ ನೆಲಸಿದ್ದ ಜರ್ಮನ್ ವಲಸೆಗಾರ ಪಾಲ್ ಕ್ರೋಗೆಲ್ ಎಂಬವನು ಯಾರ ಅಪ್ಪಣೆಯೂ ಇಲ್ಲದೆ ದೋಣಿಯೇರಿ, ಕೋವಿ ಹಿಡಿದು, ಆ ಪಕ್ಷಿಗಳನ್ನು ಕಾಯುತ್ತಿದ್ದನು. ದ್ವೀಪವನ್ನು ಕೊಂಡುಬಿಡುವುದೇ ಲೇಸೆಂದು ಪಕ್ಷಿಶಾಸ್ತ್ರಜ್ಞರ ಸಂಘವು ಮೊದಲು ಆಲೋಚಿಸಿತು. ಆದರೆ ಸರ್ಕಾರವು ಅಳತೆಮಾಡಿಸಿ ಮಾರಾಟಕ್ಕೆ ಬಿಟ್ಟರೆ ನೆಲಸಲು ಬರುವ ರೈತರ ಅರ್ಜಿಗಳಿಗೇ ಅಗ್ರಸ್ಥಾನವೆಂದು ತಿಳಿದುಬಂದಿತು. 1903ರ ಮಾರ್ಚ್ ತಿಂಗಳಿನಲ್ಲಿ ಚಾಪ್‌ಮನ್ ಮತ್ತು ವಿಲಿಯಂ ಡಚರ್ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರನ್ನು ಕಂಡರು. ಆ ದ್ವೀಪವನ್ನು ಪಕ್ಷಿಗಳಿಗೆ ಮೀಸಲೆಂದು ಸಾರದಂತೆ ತಡೆಯುವ ಕಾನೂನು ಏನಾದರೂ ಇದೆಯೇ ಎಂದು ರೂಸ್‌ವೆಲ್ಟರು ವಿಚಾರಿಸಿದರೆಂದೂ, ಇಲ್ಲವೆಂಬ ಉತ್ತರ ಬಂದೊಡನೆ ಸಾರಿಬಿಟ್ಟರೆಂದೂ ಪ್ರತೀತಿಯುಂಟು. ಸಂಭಾಷಣೆ ಹಾಗೆಯೇ ನಡೆಯಿತೋ ಇಲ್ಲವೋ, ಮಾರ್ಚ್ 14ರಂದು ಆಜ್ಞೆ ಹೊರಟುದು ನಿಜ. ಕನ್ನಡ ನಾಡಿನ ವಾಚಕರಿಗೆ ಇಲ್ಲಿ ರಂಗನತಿಟ್ಟು ನೆನಪಾಗಬಹುದು; ಅದೂ ನೀರಿನ ನಡುವಣ ಸಣ್ಣ ನಡುಗಡ್ಡೆಗಳ ಗುಂಪು, 1940ರಲ್ಲಿ ಸಲೀಂ ಅಲಿಯವರ ಸಲಹೆಯ ಮೇರೆಗೆ ಮೈಸೂರು ಸರ್ಕಾರದಿಂದ ಪಕ್ಷಿಧಾಮವಾದುದು.

ಶಾಸನ ಮಾಡುವುದು ಕಾಂಗ್ರೆಸ್ಸಿನ ಅಧಿಕಾರ. ಸರ್ಕಾರಿ ಭೂಮಿಯನ್ನು ಮಾರಾಟದಿಂದ ಹಿಂತೆಗೆದು ಮೀಸಲಿಡಲು ಅಧ್ಯಕ್ಷನಿಗೆ ಹಕ್ಕುಂಟೆ? 1915ರಲ್ಲಿ ಎಣ್ಣೆಭೂಮಿಗೆ ಸಂಬಂಧಿಸಿದ ವ್ಯಾಜ್ಯವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಧ್ಯಕ್ಷರು ಬಹುಕಾಲದಿಂದ ಹೀಗೆ ಮಾಡುತ್ತ ಬಂದಿದ್ದರೂ ಕಾಂಗ್ರೆಸ್ಸು ಆಕ್ಷೇಪಿಸದಿದ್ದುದರಿಂದ ಅದರ ಮೌನವೇ ಸಮ್ಮತಿಯೆಂದು ತೀರ್ಪಿತ್ತಿತು. ಮೌನದಿಂದ ಅಧಿಕಾರ ದೊರೆಯಬಹುದು, ವೆಚ್ಚಕ್ಕೆ ಹಣ ದೊರೆಯದು. ಕಾಂಗ್ರೆಸ್ಸು ಮಂಜೂರು ಮಾಡದಿದ್ದುದರಿಂದ ಪ್ರಪ್ರಥಮ ಆಶ್ರಯಧಾಮದ ಕಾವಲುಗಾರ ಕ್ರೋಗೆಲನಿಗೆ ಸರ್ಕಾರವು ಸಂಬಳ ಕೊಡಲಾಗಲಿಲ್ಲ. ಪಕ್ಷಿಶಾಸ್ತ್ರಜ್ಞರ ಸಂಘವೇ ಅವನಿಗೆ ತಿಂಗಳಿಗೆ 1 ಡಾಲರ್ ಕೊಡುತ್ತಿದ್ದಿತು. ಧಾಮಗಳೊಳಗೆ ಪಕ್ಷಿಗಳನ್ನು ಪೀಡಿಸುವುದು ಅಪರಾಧವೆಂದು ಕಾಂಗ್ರೆಸ್ಸು ಗೊತ್ತುಪಡಿಸಿದುದು 1906ರಲ್ಲಿ, ಅಂದರೆ ಮೂರು ವರ್ಷಗಳ ತರುವಾಯ.

ಕಾವಲುಗಾರನ ಕೆಲಸ ಎಂತಹುದೆಂಬುದು ಅಷ್ಟರಲ್ಲಿಯೇ ತಿಳಿದುಹೋಗಿದ್ದಿತು. ಫ್ಲಾರಿಡಾದ ದಕ್ಷಿಣ ತುದಿಯ ಜೌಗುಪ್ರದೇಶದಲ್ಲಿ ಬೆಳ್ಳಕ್ಕಿಗಳನ್ನು ಕಾಯುತ್ತಿದ್ದ ಗೈ ಬ್ರಾಡ್ಲಿ ಎಂಬ ತರುಣನನ್ನು 1905ರ ಜುಲೈ ತಿಂಗಳಿನಲ್ಲಿ ಗುಂಡಿಕ್ಕಿ ಕೊಂದರು. ಅವನು ಕಾಯುತ್ತಿದ್ದುದು ಆಶ್ರಯಧಾಮವನ್ನಲ್ಲ, ಅವನ ವೇತನವೂ ಪಕ್ಷಿಪ್ರೇಮಿಗಳ ಸಂಘದಿಂದಲೇ ಬರುತ್ತಿದ್ದಿತು. ಆರೋಪಿಯ ಮೇಲೆ ಮೊಕದ್ದಮೆ ನಡೆಸಲು ಪಂಚರು ಒಪ್ಪಲಿಲ್ಲ. ಪೆಲಿಕನ್ ದ್ವೀಪದಲ್ಲಿಯೇ 1918ರಲ್ಲಿ, ಹೆಜ್ಜಾರ್ಲೆಗಳು ತಮ್ಮ ಮೀನನ್ನು ತಿಂದುಹಾಕುತ್ತವೆಂದು ಬಗೆದವರು ನಾನ್ನೂರಕ್ಕೂ ಹೆಚ್ಚು ಮರಿಗಳನ್ನು ಬಡಿದು ಕೊಂದರು. ಪರಿಶೀಲಿಸಿದಾಗ ಆ ಪಕ್ಷಿಗಳ ಆಹಾರದ ಬಹುಭಾಗ ಮನುಷ್ಯರು ತಿನ್ನದ ಮೀನೆಂದು ಕಂಡುಬಂದಿತು.

ರೂಸ್‌ವೆಲ್ಟರು 1909ರಲ್ಲಿ ಅಧಿಕಾರವನ್ನು ಬಿಡುವ ವೇಳೆಗೆ ಐವತ್ತಕ್ಕೂ ಹೆಚ್ಚು ಪಕ್ಷಿಧಾಮಗಳು ಏರ್ಪಟ್ಟಿದ್ದುವು. ಇವುಗಳೊಡನೆ ದೊಡ್ಡ ಮೃಗಗಳ ಮೀಸಲುಗಳೂ ಹುಟ್ಟಿದುವು. ಕೋಟ್ಯಂತರ ಸಂಖ್ಯೆಯಲ್ಲಿದ್ದ ಬೈಸನ್ ಎಂಬ ಕಾಡುದನಗಳು ಒಂದು ತಲೆಮಾರಿನೊಳಗೆ ಕೆಲವು ನೂರಕ್ಕೆ ಇಳಿದಿದ್ದುವು. 1907ರಲ್ಲಿ ನ್ಯೂಯಾರ್ಕಿನ ಮೃಗಾಲಯದಿಂದ ಹದಿನೈದು ಬೈಸನ್‌ಗಳನ್ನು ರೈಲಿನಲ್ಲಿ ಓಕ್ಲಹೋಮದ ವಿಚಿಟಾ ಬೆಟ್ಟಗಳಿಗೆ ಸಾಗಿಸಿದರು. ಅವುಗಳನ್ನು ನೋಡಲು ನೆರೆದವರಲ್ಲಿ ಕಮ್ಯಾಂಚಿ ಜನರ ಮುಖಂಡ ಕ್ವಾನಾ ಪಾರ್ಕರನೂ ಇದ್ದನು. ಬೈಸನ್ನನ್ನೇ ನೆಚ್ಚಿ ಬದುಕಿದ್ದ ಜನಾಂಗದವರು ಅದನ್ನು ಮಹಾನಗರದಿಂದ ಪಂಜರದಲ್ಲಿ ಬರಮಾಡಿಕೊಳ್ಳಬೇಕಾಯಿತು!

ಇಲ್ಲಿ ಸಂವಿಧಾನಕ್ಕೆ ಸಂಬಂಧಿಸಿದ ಒಂದು ತೊಡಕನ್ನು ಹೇಳದೆ ಮುಂದುವರಿಯುವಂತಿಲ್ಲ. ಅಮೆರಿಕದ ಅಂದಿನ ನ್ಯಾಯಶಾಸ್ತ್ರದ ಪ್ರಕಾರ ಕಾಡುಪ್ರಾಣಿಗಳು ಆಯಾ ರಾಜ್ಯದ ಜನರ ಸ್ವತ್ತಾಗಿದ್ದುವು; 1896ರ ತೀರ್ಪೊಂದು ಇದನ್ನು ಸ್ಪಷ್ಟವಾಗಿ ಎತ್ತಿಹಿಡಿದಿದ್ದಿತು. ಒಕ್ಕೂಟ ಸರ್ಕಾರಕ್ಕೆ ತನ್ನ ಭೂಮಿಯ ಮೇಲೆ ಹಕ್ಕುಂಟು, ಆ ಭೂಮಿಯ ಮೇಲೆ ಹಾರಿಹೋಗುವ ಬಾತುಕೋಳಿಯ ಮೇಲೆ ಹಕ್ಕೆಲ್ಲಿಯದು? ಈ ಗಂಟನ್ನು ಬಿಚ್ಚಿದುದು ವಿದೇಶಾಂಗ ವ್ಯವಹಾರ. ಕೆನಡಾದ ಪರವಾಗಿ ಬ್ರಿಟನ್ನಿನೊಡನೆ 1916ರಲ್ಲಿ ವಲಸೆಹಕ್ಕಿಗಳ ರಕ್ಷಣೆಗಾಗಿ ಕೌಲು ಆಯಿತು, ಅದನ್ನು ಜಾರಿಗೆ ತರುವ ಶಾಸನ 1918ರಲ್ಲಿ ಬಂದಿತು. ಮಿಸೌರಿ ರಾಜ್ಯವು ಅದನ್ನು ಪ್ರಶ್ನಿಸಿದಾಗ, 1920ರಲ್ಲಿ ನ್ಯಾಯಮೂರ್ತಿ ಹೋಮ್ಸರು, ಇಂದು ಒಂದು ರಾಜ್ಯದಲ್ಲಿದ್ದು ನಾಳೆ ಮತ್ತೊಂದಕ್ಕೆ ಹಾರುವ ಹಕ್ಕಿಯ ಮೇಲೆ ರಾಜ್ಯವು ಒಡೆತನವನ್ನು ಸಾಧಿಸುವುದು ಬಲಹೀನವಾದ ವಾದವೆಂಬ ಅಭಿಪ್ರಾಯವನ್ನು ತಳೆದು, ಶಾಸನವನ್ನು ಎತ್ತಿಹಿಡಿದರು. ನಮ್ಮ ಸಂವಿಧಾನದಲ್ಲಿಯೂ ಅರಣ್ಯಗಳೂ ವನ್ಯಪ್ರಾಣಿಗಳ ರಕ್ಷಣೆಯೂ ಮೊದಲು ರಾಜ್ಯಗಳ ಪಟ್ಟಿಯಲ್ಲಿದ್ದು, 1976ರ 42ನೆಯ ತಿದ್ದುಪಡಿಯಿಂದ ಸಮವರ್ತಿ ಪಟ್ಟಿಗೆ ಬಂದುವೆಂಬುದನ್ನು ನೆನೆದರೆ, ಈ ತೊಡಕು ಒಕ್ಕೂಟ ರಾಜ್ಯಪದ್ಧತಿಗೇ ಅಂಟಿಬಂದುದೆಂದು ತೋರುತ್ತದೆ.

ಅಧಿಕಾರ ಹೀಗೆ ಸ್ಥಿರವಾಯಿತು. ಆದರೆ ಹಣದ ಮಾತು ಬೇರೆ. 1929ರಲ್ಲಿ ವಲಸೆಹಕ್ಕಿಗಳ ಸಂರಕ್ಷಣಾ ಶಾಸನವು ಧಾಮಗಳಿಗಾಗಿ ಭೂಮಿಯನ್ನು ಕೊಳ್ಳಲು ಅನುಮತಿಯಿತ್ತಿತು, ಶಾಶ್ವತವಾದ ಆದಾಯವನ್ನು ಮಾತ್ರ ತೋರಿಸಲಿಲ್ಲ. ಅದೇ ವರ್ಷ ಆರ್ಥಿಕ ಮುಗ್ಗಟ್ಟು ತಲೆದೋರಿತು, ಬೆನ್ನಲ್ಲೇ ಅನಾವೃಷ್ಟಿ ಬಂದಿತು. ಉತ್ತರದ ಹುಲ್ಲುಬಯಲುಗಳಲ್ಲಿ ಬೇಸಾಯಕ್ಕಾಗಿ ಅದಾಗಲೇ ಬಸಿದು ಒಣಗಿಸಿದ್ದ ಕೆರೆಕುಂಟೆಗಳ ಜೊತೆಗೆ ಉಳಿದವೂ ಬತ್ತಿದುವು. ಬಾತುಗಳ ಸಂಖ್ಯೆ ಕುಸಿಯಿತು.

ಈ ಸನ್ನಿವೇಶದಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರು ಮಾಡಿದ ನೇಮಕವೊಂದು ವಿಶೇಷವಾದುದು. ಅಯೋವಾ ರಾಜ್ಯದ ವ್ಯಂಗ್ಯಚಿತ್ರಕಾರ ಜೇ ಡಾರ್ಲಿಂಗ್ ವಿರೋಧ ಪಕ್ಷದವನು, ಅಧ್ಯಕ್ಷರ ಆರ್ಥಿಕ ನೀತಿಯನ್ನು ತನ್ನ ಚಿತ್ರಗಳಲ್ಲಿ ಅಣಕಿಸುತ್ತಿದ್ದವನು. ಅವನನ್ನೇ 1934ರಲ್ಲಿ ಜೀವಸಮೀಕ್ಷಾ ಇಲಾಖೆಗೆ ಮುಖ್ಯಸ್ಥನನ್ನಾಗಿ ಮಾಡಿದರು. ಅವನು ಆ ಅಧಿಕಾರದಲ್ಲಿದ್ದುದು ಎರಡು ವರ್ಷಕ್ಕೂ ಕಡಮೆ. ಮಾಡಿದ ಕೆಲಸ ಇಂದಿಗೂ ನಿಂತಿದೆ. ಅದೇ ವರ್ಷದ ಶಾಸನದ ಮೇರೆಗೆ, ಹದಿನಾರು ವರ್ಷ ತುಂಬಿದ ಪ್ರತಿಯೊಬ್ಬ ಬಾತುಬೇಟೆಗಾರನೂ ಪ್ರತಿವರ್ಷ ಒಂದು ಸ್ಟಾಂಪನ್ನು ಕೊಂಡು ತನ್ನ ಪರವಾನಗಿಗೆ ಹಚ್ಚಿಕೊಳ್ಳಬೇಕಾಯಿತು. ಮೊದಲ ಸ್ಟಾಂಪಿನ ಚಿತ್ರವನ್ನು ಬರೆದವನು ಡಾರ್ಲಿಂಗನೇ. ಬೆಲೆ 1 ಡಾಲರ್. ಮೊದಲ ವರ್ಷದಲ್ಲಿ ಆರು ಲಕ್ಷಕ್ಕೂ ಮೇಲ್ಪಟ್ಟು ಮಾರಾಟವಾದುವು. 2015ರಿಂದ ಬೆಲೆ 25 ಡಾಲರ್ ಆಗಿದೆ. ಬಂದ ಪ್ರತಿ ಡಾಲರಿನಲ್ಲಿ 98 ಸೆಂಟುಗಳು ಜೌಗುನೆಲವನ್ನು ಕೊಳ್ಳಲು ಇಲ್ಲವೆ ಗುತ್ತಿಗೆಗೆ ಪಡೆಯಲು ಸಲ್ಲುತ್ತವೆ. ಹೀಗೆ ರಕ್ಷಿತವಾದ ನೆಲ 60 ಲಕ್ಷ ಎಕರೆಗೂ ಮಿಕ್ಕಿದೆ.

ಆಶ್ರಯಧಾಮಗಳಲ್ಲಿ ಬೇಟೆಗೆ ಅವಕಾಶವೇಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಬಾತುಗಳ ನೆಲವನ್ನು ಕೊಳ್ಳಲು ನಿಶ್ಚಿತವಾದ ಹಣವನ್ನು ಕೊಟ್ಟವರು ಅವುಗಳನ್ನು ಹೊಡೆಯುವವರು. ಅಹಿಂಸೆಯ ದೃಷ್ಟಿಯಿಂದ ನೋಡುವವರಿಗೆ ಇದು ಒಗ್ಗದಿರಬಹುದು. ಆದರೂ ರಾಜಕೀಯದ ದೃಷ್ಟಿಯಿಂದ ಇದು ಬಲವಾದ ಏರ್ಪಾಡೆಂದೇ ನನ್ನ ಎಣಿಕೆ. ವರ್ಷವರ್ಷವೂ ಆಯವ್ಯಯದ ಚರ್ಚೆಯಲ್ಲಿ ಬೇಡಿ ಪಡೆಯುವ ಹಣಕ್ಕೂ ತಾನಾಗಿ ಬರುವ ಹಣಕ್ಕೂ ಅಂತರ ಬಹಳ. ಒಂದು ದೋಷವನ್ನಂತೂ ಒಪ್ಪಬೇಕು: ಹಣವೆಲ್ಲ ಜೌಗುಗಳಿಗೆ ಹರಿದುದರಿಂದ, ಬೇಟೆಗಾರನಿಗೆ ಆಸ್ಥೆಯಿಲ್ಲದ ಕಪ್ಪೆ, ಮೀನು, ಹಾಡುಹಕ್ಕಿ, ಮರುಭೂಮಿಯ ಗಿಡ ಇವುಗಳ ಪಾಲಿಗೆ ಬಹುಕಾಲ ಯಾರೂ ಇರಲಿಲ್ಲ.

ಡಾರ್ಲಿಂಗನು ಆಶ್ರಯಧಾಮಗಳ ಹೊಣೆಯನ್ನು ಕ್ಲಾರ್ಕ್ ಸ್ಯಾಲಿಯರ್ ಎಂಬವನಿಗೆ ವಹಿಸಿದನು. ವಿಮಾನವೆಂದರೆ ಹೆದರುತ್ತಿದ್ದ ಈತನು ಮೋಟಾರು ಕಾರಿನಲ್ಲಿ ದೇಶವನ್ನೆಲ್ಲ ಸುತ್ತಿ, ಬರಗಾಲದಿಂದ ಬೆಲೆಯಿಳಿದಿದ್ದ ಜಮೀನುಗಳನ್ನು ಗುರುತಿಸಿದನು. ಅವನು 1961ರಲ್ಲಿ ನಿವೃತ್ತನಾಗುವ ವೇಳೆಗೆ ಸುಮಾರು 15 ಲಕ್ಷ ಎಕರೆಗಳಿದ್ದುದು 2.9 ಕೋಟಿ ಎಕರೆಗಳ ಹತ್ತಿರಕ್ಕೆ ಬೆಳೆದಿದ್ದಿತು. ಯಾವ ಜಮೀನನ್ನು ಆರಿಸಬೇಕೆಂಬುದಕ್ಕೆ ವಿಜ್ಞಾನದ ಆಧಾರವೂ ಆ ಹೊತ್ತಿಗೆ ದೊರೆತಿದ್ದಿತು. ಫ್ರೆಡರಿಕ್ ಲಿಂಕನ್ ಎಂಬ ವಿದ್ವಾಂಸನು ಹಕ್ಕಿಗಳ ಕಾಲಿಗೆ ಅಂಕಿಯ ಬಳೆ ತೊಡಿಸಿ ಬಿಟ್ಟು, ಅವು ಮತ್ತೆಲ್ಲಿ ದೊರೆತುವೆಂದು ಕಲೆಹಾಕಿದ ಮಾಹಿತಿಯಿಂದ, ಖಂಡದ ಉತ್ತರದಿಂದ ದಕ್ಷಿಣಕ್ಕೆ ನಾಲ್ಕು ಹಾರುದಾರಿಗಳಿವೆಯೆಂದು 1935ರಲ್ಲಿ ಪ್ರಕಟಿಸಿದನು: ಅಟ್ಲಾಂಟಿಕ್ ತೀರದ್ದು, ಮಿಸಿಸಿಪಿ ಕಣಿವೆಯದು, ನಡುಬಯಲಿನದು, ಶಾಂತಸಾಗರ ತೀರದ್ದು. ಹಕ್ಕಿ ಮರಿಮಾಡುವ ಕಡೆ ಒಂದು ಧಾಮವಿದ್ದು, ದಾರಿಯಲ್ಲಿ ಇಳಿದು ಮೇಯಲು ನೆಲೆಯಿಲ್ಲದಿದ್ದರೆ ಆ ಧಾಮದಿಂದ ಪ್ರಯೋಜನವಿಲ್ಲ. ದೂರದ ಪಯಣಿಗರಿಗೆ ದಾರಿಯುದ್ದಕ್ಕೂ ಅರವಟ್ಟಿಗೆಗಳಿರಬೇಕಾದಂತೆ, ಒಂದು ಹಗಲಿನ ಹಾರಾಟಕ್ಕೆ ನಿಲುಕುವ ದೂರದಲ್ಲಿ ಮತ್ತೊಂದು ಜೌಗು ಇರಬೇಕು. ಬಿಡಿಬಿಡಿಯಾಗಿದ್ದ ಧಾಮಗಳು ಒಂದು ವ್ಯವಸ್ಥೆಯಾದುದು ಈ ತಿಳಿವಳಿಕೆಯಿಂದ. ಶಾಸನ ಅದಕ್ಕೆ ಹೆಸರಿಟ್ಟುದು ಮುಂದಿನ ಮಾತು.

ಇದು ಫಲಿಸಿದ ಬಗೆಗೆ ಒಂದು ದೃಷ್ಟಾಂತ ಸಾಕು. ಟೆಕ್ಸಸ್ ರಾಜ್ಯದ ಕಡಲತೀರದಲ್ಲಿ 1937ರ ಕೊನೆಯಲ್ಲಿ ಅರಾನ್ಸಸ್ ಎಂಬ ಆಶ್ರಯಧಾಮ ಏರ್ಪಟ್ಟಿತು. ವೂಪಿಂಗ್ ಕ್ರೇನ್ ಎಂಬ ಬಿಳಿಯ ಕ್ರೌಂಚಗಳು ಚಳಿಗಾಲವನ್ನು ಕಳೆಯುವ ಸ್ಥಳವದು. 1941ರಲ್ಲಿ ಕಾಡಿನಲ್ಲಿ ಉಳಿದಿದ್ದ ಈ ಜಾತಿಯ ಪಕ್ಷಿಗಳು ಒಟ್ಟು ಇಪ್ಪತ್ತರ ಆಜುಬಾಜು. ಅವು ಬೇಸಗೆಯಲ್ಲಿ ಎಲ್ಲಿಗೆ ಹೋಗಿ ಮರಿಮಾಡುತ್ತವೆಂಬುದೂ 1954ರವರೆಗೆ ತಿಳಿದಿರಲಿಲ್ಲ. ಆ ವರ್ಷ ಸುಮಾರು 4,000 ಕಿಲೋಮೀಟರ್ ದೂರದಲ್ಲಿ, ಕೆನಡಾದ ವುಡ್ ಬಫೆಲೋ ಉದ್ಯಾನದಲ್ಲಿ ಗೂಡುಗಳು ಕಂಡುವು. ಈಗ ಅರಾನ್ಸಸ್ಸಿಗೆ ಬರುವ ಹಿಂಡು ಐನೂರನ್ನು ಮೀರಿದೆ.

ನೀರಿನ ವಿಷಯಕ್ಕೆ ಬಂದರೆ ಇತಿಹಾಸ ಇಷ್ಟು ಸಂತೋಷಕರವಾಗಿಲ್ಲ. ಪಶ್ಚಿಮದ ಒಣನಾಡಿನಲ್ಲಿ ಭೂಮಿಗಿಂತ ನೀರೇ ಬೆಲೆಯುಳ್ಳದ್ದು. ಆರಿಗನ್ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳ ಗಡಿಯಲ್ಲಿರುವ ಕೆಳ ಕ್ಲಾಮತ್ ಸರೋವರದ ಸುಮಾರು 81,000 ಎಕರೆಗಳನ್ನು 1908ರಲ್ಲಿ ಥಿಯೊಡೋರ್ ರೂಸ್‌ವೆಲ್ಟರು ಬಾತುಗಳಿಗೆ ಮೀಸಲಿಟ್ಟರು. ಆದರೆ ಅದಕ್ಕೆ ಮೂರು ವರ್ಷ ಮೊದಲೇ, ಅವರ ಸರ್ಕಾರವೇ ಅದೇ ಕಣಿವೆಯಲ್ಲಿ ಜೌಗುಗಳನ್ನು ಬಸಿದು ಹೊಲಗಳನ್ನಾಗಿ ಮಾಡುವ ನೀರಾವರಿ ಯೋಜನೆಯೊಂದನ್ನು ಕೈಗೊಂಡಿದ್ದಿತು. ಮೀಸಲು ಆ ಯೋಜನೆಗೆ ಅಧೀನವೆಂದು ಆಜ್ಞೆಯಲ್ಲಿಯೇ ನಮೂದಾಗಿದ್ದಿತು. ರೈಲುದಾರಿಗಾಗಿ ಹಾಕಿದ ಏರಿಯ ತೂಬುಗಳನ್ನು 1917ರಲ್ಲಿ ಮುಚ್ಚಿದಾಗ ನದಿಯಿಂದ ಸರೋವರಕ್ಕೆ ನೀರು ಬರುವುದು ನಿಂತಿತು. ಕೆಲವೇ ವರ್ಷಗಳಲ್ಲಿ ಸರೋವರ ಒಣಗಿತು. ತಳದಲ್ಲಿದ್ದ ಕೊಳೆತ ಸಸ್ಯದ ಕರಿಮಣ್ಣಿಗೆ ಬೆಂಕಿ ಬಿದ್ದು ಹೊಗೆಯಾಡಿತು, ಬೂದಿ ಧೂಳಾಗಿ ಎದ್ದಿತು. ಅಲ್ಲಿ ಬೆಳೆಯೂ ಬರಲಿಲ್ಲ. ಕಾಗದದ ಮೇಲೆ ಮಾತ್ರ ಪಕ್ಷಿಧಾಮವು ಇದ್ದೇ ಇದ್ದಿತು! 1940ರ ದಶಕದ ಆರಂಭದಲ್ಲಿ, ಪಕ್ಕದ ಟೂಲಿ ಸರೋವರದ ಹೆಚ್ಚುವರಿ ನೀರನ್ನು ಗುಡ್ಡದಲ್ಲಿ ಕೊರೆದ ಸುರಂಗದ ಮೂಲಕ ಎತ್ತಿ ಹಾಯಿಸಿದ ಮೇಲೆಯೇ ಅದರ ಒಂದು ಭಾಗ ಮತ್ತೆ ಜೌಗಾದುದು. ಹೊಲಗಳಿಗೂ ಮೀನುಗಳಿಗೂ ಹಂಚಿ ಉಳಿದುದು ಪಕ್ಷಿಗಳಿಗೆ ಎಂಬ ಕ್ರಮ ಅಲ್ಲಿ ಇಂದಿಗೂ ಪೂರ್ತಿಯಾಗಿ ತಪ್ಪಿಲ್ಲ. 2020ರಲ್ಲಿ ನೀರು ಸಾಲದೆ, ಉಳಿದ ಕೊಂಚ ನೀರು ಬಿಸಿಯೇರಿ, ಬಾಟ್ಯುಲಿಸಮ್ ಎಂಬ ವಿಷರೋಗ ಹರಡಿತು. ಆ ಕಣಿವೆಯ ಧಾಮಗಳಲ್ಲಿ ಸತ್ತ ಹಕ್ಕಿಗಳು ಸುಮಾರು 60,000 ಎಂದು ಅಂದಾಜು ಮಾಡಲಾಯಿತು.

ನೀರಿಲ್ಲದ ಕೇಡು ಒಂದು ಬಗೆಯಾದರೆ ಕೆಟ್ಟ ನೀರಿನ ಕೇಡು ಇನ್ನೊಂದು. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯ ಕೆಸ್ಟರ್ಸನ್ ಎಂಬ ಧಾಮದ ಕೊಳಗಳಿಗೆ ಹೊಲಗಳಿಂದ ಬಸಿದ ನೀರನ್ನು ಕಾಲುವೆಯ ಮೂಲಕ ಬಿಡುತ್ತಿದ್ದರು. ಒಣನಾಡಿನಲ್ಲಿ ಹಕ್ಕಿಗಳಿಗೆ ಇಷ್ಟಾದರೂ ನೀರು ದೊರೆಯಿತಲ್ಲ ಎಂದು ಆರಂಭದಲ್ಲಿ ಸಮಾಧಾನಪಟ್ಟವರೂ ಉಂಟು. ಆ ನೆಲದ ಮಣ್ಣಿನಲ್ಲಿ ಸೆಲೆನಿಯಂ ಎಂಬ ಧಾತುವಿದೆ. ನೀರಾವರಿಯ ನೀರು ಅದನ್ನು ಕರಗಿಸಿ ತಂದು ಕೊಳಗಳಲ್ಲಿ ಕೂಡಿಸಿತು. ಕೊಳದ ಮೀನುಗಳಲ್ಲಿ ಒಂದು ಜಾತಿಯ ಹೊರತು ಉಳಿದವೆಲ್ಲ ಕಾಣೆಯಾದುವು. 1983ರಲ್ಲಿ ವಿಜ್ಞಾನಿಗಳು ಗೂಡುಗಳನ್ನು ಪರೀಕ್ಷಿಸಿದಾಗ ನಾಮದಕೋಳಿ, ಗುಳುಮುಳುಕ, ಮೆಟ್ಟುಗಾಲ ಹಕ್ಕಿ ಇವುಗಳ ಮೊಟ್ಟೆಗಳಲ್ಲಿ ಕಣ್ಣಿಲ್ಲದ, ಕೊಕ್ಕು ತಿರುಚಿದ, ಕಾಲುಗಳಿಲ್ಲದ ಭ್ರೂಣಗಳು ಕಂಡುವು. 1986ರ ಹೊತ್ತಿಗೆ ಕಾಲುವೆಯನ್ನು ಮುಚ್ಚಿದರು, ಆ ಬಳಿಕ ಕೊಳಗಳಿಗೆ ಮಣ್ಣು ತುಂಬಿದರು. ಈ ಕೇಡಿಗೆ ಕಾರಣ ಎಲ್ಲೆಯೊಳಗೆ ಹಾರಿಸಿದ ಗುಂಡಲ್ಲ. ಎಲ್ಲೆಯ ಹೊರಗಿನ ಬೇಸಾಯವು ಒಳಗಿನ ಹಕ್ಕಿಯನ್ನು ಕೊಲ್ಲಬಲ್ಲುದೆಂಬುದನ್ನು ಅಮೆರಿಕದ ಜನ ಅರಿತುಕೊಂಡುದು ಇಲ್ಲಿ.

ಶಾಸನದ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. 1966ರ ಶಾಸನವು ಧಾಮಗಳನ್ನು ಒಂದು ವ್ಯವಸ್ಥೆಯನ್ನಾಗಿ ಕೂಡಿಸಿ, ಧಾಮದ ಮೂಲೋದ್ದೇಶಕ್ಕೆ ಹೊಂದಿಕೊಳ್ಳುವ ಚಟುವಟಿಕೆಗಳಿಗೆ ಮಾತ್ರ ಅನುಮತಿ ನೀಡಬಹುದೆಂದು ವಿಧಿಸಿತು. ಹೊಂದಿಕೆಯನ್ನು ನಿರ್ಣಯಿಸುವ ಬಗೆಯನ್ನು ಹೇಳಲಿಲ್ಲ. ಪರಿಣಾಮವಾಗಿ ದನಗಳ ಮೇವು, ಯಂತ್ರದೋಣಿಗಳ ವಿಹಾರ, ಎಣ್ಣೆಯ ಬಾವಿ, ಸೈನ್ಯದ ಅಭ್ಯಾಸ ಮುಂತಾದುವು ಒಂದಲ್ಲ ಒಂದು ಕಡೆ ಒಳಹೊಕ್ಕುವು. ಇಂತಹ ಹಾನಿಕರ ಬಳಕೆಗಳು ಅರ್ಧಕ್ಕಿಂತ ಹೆಚ್ಚು ಧಾಮಗಳಲ್ಲಿ ಇವೆಯೆಂದು ಕಾಂಗ್ರೆಸ್ಸಿನ ಲೆಕ್ಕಪರಿಶೋಧಕರು 1989ರಲ್ಲಿ ವರದಿ ಮಾಡಿದರು. ಕೊನೆಗೆ 1997ರ ಶಾಸನವು ವನ್ಯಜೀವಿಗಳ ಸಂರಕ್ಷಣೆಯೇ ವ್ಯವಸ್ಥೆಯ ಪ್ರಥಮ ಧ್ಯೇಯವೆಂದು ಸಾರಿತು. ಬೇಟೆ, ಮೀನುಹಿಡಿಯುವಿಕೆ, ಪ್ರಾಣಿವೀಕ್ಷಣೆ, ಛಾಯಾಗ್ರಹಣ, ಪರಿಸರಶಿಕ್ಷಣ, ವಿವರಣೆ ಎಂಬ ಆರಕ್ಕೆ ಇತರ ಬಳಕೆಗಳಿಗಿಂತ ಆದ್ಯತೆಯಿತ್ತಿತು. ಹದಿನೈದು ವರ್ಷಗಳಿಗೊಮ್ಮೆ ಪ್ರತಿಯೊಂದು ಧಾಮದ ಯೋಜನೆಯನ್ನೂ ಪರಿಷ್ಕರಿಸಬೇಕೆಂದಿತು. ಈ ವ್ಯವಸ್ಥೆ ಏತಕ್ಕಾಗಿದೆಯೆಂದು ಶಾಸನದಲ್ಲಿ ಬರೆದುಕೊಳ್ಳಲು ತೊಂಬತ್ತನಾಲ್ಕು ವರ್ಷ ಹಿಡಿಯಿತು.

ಈ ನಡುವೆ 1980ರಲ್ಲಿ ಅಲಾಸ್ಕಾಕ್ಕೆ ಸಂಬಂಧಿಸಿದ ಶಾಸನದಿಂದ ವ್ಯವಸ್ಥೆಯ ವಿಸ್ತೀರ್ಣ ಒಮ್ಮೆಲೇ ಹಲವು ಮಡಿಯಾಗಿದ್ದಿತು. ಇಂದು ನೆಲದ ಲೆಕ್ಕದಲ್ಲಿ ಐದರಲ್ಲಿ ನಾಲ್ಕು ಪಾಲು ಆ ಒಂದೇ ರಾಜ್ಯದಲ್ಲಿದೆ. ಆದುದರಿಂದ ಒಟ್ಟು ಎಕರೆಗಳ ಸಂಖ್ಯೆಯನ್ನು ಕಂಡು ಬೆರಗಾಗುವ ಮೊದಲು ಅದು ಎಲ್ಲಿದೆಯೆಂದು ಕೇಳಬೇಕು. ಅಲ್ಲಿನ ಆರ್ಕ್‌ಟಿಕ್ ಧಾಮವು 1960ರಲ್ಲಿ ಏರ್ಪಟ್ಟು, 1980ರಲ್ಲಿ ಹಿಗ್ಗಿ, ಸುಮಾರು 1.9 ಕೋಟಿ ಎಕರೆಗಳಷ್ಟಿದೆ. ಅದರ ಕಡಲತಡಿಯ 15 ಲಕ್ಷ ಎಕರೆಗಳಲ್ಲಿ ಎಣ್ಣೆಯಿರಬಹುದೆಂಬ ಕಾರಣದಿಂದ, ಆ ಭಾಗದ ನಿರ್ಣಯವನ್ನು 1980ರ ಕಾಂಗ್ರೆಸ್ಸು ಮುಂದಿನವರಿಗೆ ಬಿಟ್ಟಿತು. ಕ್ಯಾರಿಬೂ ಎಂಬ ಹಿಮಸಾರಂಗಗಳ ದೊಡ್ಡ ಹಿಂಡು ಮರಿಹಾಕಲು ಬರುವುದೂ ಅಲ್ಲಿಗೇ. ಗ್ವಿಚಿನ್ ಜನರ ಬದುಕು ಆ ಹಿಂಡನ್ನು ಅವಲಂಬಿಸಿದೆ. 2017ರ ತೆರಿಗೆ ಶಾಸನದೊಳಗೆ ಎಣ್ಣೆಗುತ್ತಿಗೆಯ ಹರಾಜಿಗೆ ಅಪ್ಪಣೆಯನ್ನು ಸೇರಿಸಿದರು. 2021ರ ಜನವರಿಯ ಹರಾಜಿನಲ್ಲಿ ಕೂಗಿದವರು ಕೆಲವರು, 2025ರ ಜನವರಿಯದರಲ್ಲಿ ಒಬ್ಬರೂ ಇಲ್ಲ. ವಿವಾದ ಮಾತ್ರ ಆಡಳಿತ ಬದಲಾದಂತೆಲ್ಲ ಬದಲಾಗುತ್ತ ನಡೆದಿದೆ.

ಇನ್ನುಳಿದುದು ನೆಲದ ಪ್ರಶ್ನೆ. ಮೊದಲು ಹೇಳಬೇಕಾಗಿದ್ದುದನ್ನು ಕೊನೆಗೆ ಇಟ್ಟುಕೊಳ್ಳಲು ಕಾರಣವುಂಟು. ಅಮೆರಿಕದವರೂ ಅದನ್ನು ಕೊನೆಯಲ್ಲಿಯೇ ಎತ್ತಿಕೊಂಡರು. 2016ರ ಜನವರಿ 2ರಂದು ಆರಿಗನ್ ರಾಜ್ಯದ ಮಲ್‌ಹ್ಯೂರ್ ಧಾಮದ ಕಚೇರಿಯನ್ನು ಶಸ್ತ್ರಧಾರಿಗಳ ಗುಂಪೊಂದು ಹಿಡಿದುಕೊಂಡು, ಒಕ್ಕೂಟ ಸರ್ಕಾರವು ಭೂಮಿಯನ್ನು ಅದರ ನಿಜವಾದ ಒಡೆಯರಿಗೆ, ಎಂದರೆ ದನಗಾಹಿಗಳಿಗೂ ರೈತರಿಗೂ, ಹಿಂದಿರುಗಿಸಬೇಕೆಂದು ಒತ್ತಾಯಿಸಿತು. ನಲವತ್ತೊಂದು ದಿನಗಳ ಮೇಲೆ, ಒಬ್ಬನ ಸಾವಿನ ತರುವಾಯ, ಅದು ಮುಗಿಯಿತು. ಒಡೆಯರ ಮಾತೆತ್ತಿದರೆ ಮೊದಲ ಒಡೆಯರು ತಾವೆಂದು ಬರ್ನ್ಸ್ ಪಾಯೂಟ್ ಜನರು ಆಗ ನೆನಪಿಸಿದರು. 1872ರಲ್ಲಿ ಆ ನಾಡಿನಲ್ಲಿ ಅವರಿಗೆಂದು ಮೀಸಲು ಭೂಮಿಯನ್ನು ಗೊತ್ತುಮಾಡಿದ್ದ ಸರ್ಕಾರವು, 1878ರ ಯುದ್ಧದ ಬಳಿಕ ಅವರನ್ನು ಹೊರಡಿಸಿ ಅದನ್ನು ರದ್ದುಮಾಡಿದ್ದಿತು.

ಮೊಂಟಾನಾ ರಾಜ್ಯದ ರಾಷ್ಟ್ರೀಯ ಬೈಸನ್ ಮೀಸಲಿನ ವೃತ್ತಾಂತ ಇದಕ್ಕಿಂತ ಪೂರ್ಣವಾದುದು. 1855ರ ಕೌಲಿನಿಂದ ಸೇಲಿಷ್ ಮತ್ತು ಕೂಟನೈ ಜನರಿಗೆ ಉಳಿದಿದ್ದ ಫ್ಲಾಟ್‌ಹೆಡ್ ಪ್ರದೇಶದ ಮಧ್ಯದಲ್ಲಿ, ಸುಮಾರು 18,800 ಎಕರೆಗಳನ್ನು 1908ರಲ್ಲಿ ಕಾಂಗ್ರೆಸ್ಸು ಬೈಸನ್‌ಗಳಿಗಾಗಿ ತೆಗೆದುಕೊಂಡಿತು. ಆ ಜನರ ಒಪ್ಪಿಗೆಯನ್ನು ಕೇಳಲಿಲ್ಲ. ದೇಶದಲ್ಲಿ ಬೈಸನ್ ಅಳಿಯುತ್ತಿದ್ದ ದಿನಗಳಲ್ಲಿ ಅದರ ದೊಡ್ಡ ಹಿಂಡೊಂದನ್ನು ಉಳಿಸಿ ಬೆಳೆಸಿದ್ದು ಆ ಪ್ರದೇಶದಲ್ಲಿಯೇ ಎಂಬುದು ಇಲ್ಲಿ ಗಮನಾರ್ಹ. ಅಲ್ಲಿಯ ಭೂಮಿಯನ್ನು ಹಂಚಿ ಹೊರಗಿನವರಿಗೆ ತೆರೆಯುವುದು ನಿಶ್ಚಿತವಾದಾಗ, ಮೇಯಿಸಲು ಜಾಗವಿಲ್ಲದೆ, ಮಿಷೆಲ್ ಪಾಬ್ಲೋ ಎಂಬ ಹಿಂಡಿನ ಯಜಮಾನನು ಅದನ್ನು ಕೆನಡಾ ಸರ್ಕಾರಕ್ಕೆ ಮಾರಿದ್ದನು. ಅದೇ ಹಿಂಡಿನ ಸಂತತಿಯ ಕೆಲವನ್ನು ಬೇರೆ ಕಡೆಯಿಂದ ಚಂದಾಹಣದಿಂದ ಕೊಂಡು ಹೊಸ ಮೀಸಲಿಗೆ ತಂದರು. 1971ರಲ್ಲಿ ನ್ಯಾಯಾಲಯವು ಆ ಭೂಮಿಗೆ ಸರಿಯಾದ ಬೆಲೆ ಸಂದಿರಲಿಲ್ಲವೆಂದು ತೀರ್ಪಿತ್ತಿತು. 2020ರ ಡಿಸೆಂಬರಿನಲ್ಲಿ ಶಾಸನವೊಂದು ಆ ಮೀಸಲನ್ನು ರಾಷ್ಟ್ರೀಯ ವ್ಯವಸ್ಥೆಯಿಂದ ತೆಗೆದು ಸೇಲಿಷ್ ಮತ್ತು ಕೂಟನೈ ಜನರಿಗೆ ಹಿಂದಿರುಗಿಸಿತು. 2022ರ ಆರಂಭದಿಂದ ಅದರ ಪೂರ್ಣ ಆಡಳಿತ ಅವರದೇ. ಬೈಸನ್‌ಗಳು ಅಲ್ಲಿಯೇ ಮೇಯುತ್ತಿವೆ, ಸಂದರ್ಶಕರಿಗೂ ಮೊದಲಿನಂತೆ ಪ್ರವೇಶವಿದೆ. ವ್ಯವಸ್ಥೆಯ ಪಟ್ಟಿಯಲ್ಲಿ ಒಂದು ಹೆಸರು ಕಡಮೆಯಾಗಿದೆ.